ಮಗುವಿಗೆ ಸಲ್ಲಬೇಕಾದ ಒಂದು ಕಾಗದ

2018ರ ಜನವರಿಯಲ್ಲಿ ಶಾರ್ಜಾದ ನಮ್ಮ ಕಟ್ಟಡದಲ್ಲಿ ಒಂದೇ ವಾರದೊಳಗೆ ಅಲ್ಲಾಹನು ಎರಡು ಮನೆಗಳಿಗೆ ಮಕ್ಕಳನ್ನು ಕರುಣಿಸಿದನು. ನಮಗೆ ಮಗಳು, ಕೆಳಗಿನ ಮಹಡಿಯಲ್ಲಿದ್ದ ನಮ್ಮದೇ ಕರಾವಳಿಯ ದಂಪತಿಗೆ ಮಗ. ಏಳನೆಯ ದಿನ ನಾವು ಅಕೀಕಾ ನಡೆಸಿ ಬಂಧುಗಳಿಗೆ ಉಣಬಡಿಸಿದೆವು. ಕೆಳಗಿನ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡೇ ಹೆಸರಿಟ್ಟರು. ಆ ತಂದೆ ದುಡಿಯುತ್ತಿದ್ದ ಕಂಪೆನಿ ಮುಚ್ಚಿಹೋಗಿ, ಇಬ್ಬರ ವೀಸಾ ಅವಧಿಯೂ ಮುಗಿದು ತಿಂಗಳುಗಳಾಗಿದ್ದವು.

ವಿದೇಶಿ ದಂಪತಿಯ ಮಗು ಆ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿನ ಪೌರತ್ವ ಪಡೆಯುವುದಿಲ್ಲ. ಜನನ ಪ್ರಮಾಣಪತ್ರ, ಭಾರತೀಯ ಕಾನ್ಸುಲೇಟ್‌ನಲ್ಲಿ ನೋಂದಣಿ, ಪಾಸ್‌ಪೋರ್ಟ್, ಬಳಿಕ ವಾಸದ ವೀಸಾ, ಒಂದಿಲ್ಲದೆ ಇನ್ನೊಂದಿಲ್ಲ. ಈ ಕಾಗದಗಳನ್ನು ತುಂಬುವಾಗಲೇ ನಾವು ನಮ್ಮ ದೇಶದ ಕಾನೂನನ್ನು ಮೊದಲ ಬಾರಿಗೆ ಗಮನವಿಟ್ಟು ಓದಿದೆವು.

1955ರ ಪೌರತ್ವ ಕಾಯಿದೆಯು ನಮ್ಮ ಮೂವರನ್ನೂ ಬೇರೆ ಬೇರೆ ಅಳತೆಗೋಲಿನಿಂದ ಅಳೆದಿತ್ತು. ನಮ್ಮಲ್ಲೊಬ್ಬರು ಊರಿನಲ್ಲಿ 1984ರಲ್ಲಿ ಹುಟ್ಟಿದವರು. ಅವರಿಗೆ ಭಾರತದ ನೆಲವೇ ಸಾಕಾಗಿತ್ತು. ಇನ್ನೊಬ್ಬರು 1990ರಲ್ಲಿ ಹುಟ್ಟಿದವರು. 1987ರ ಜುಲೈ 1ರಿಂದ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕೆಂಬ ನಿಯಮ ಬಂದಿತ್ತು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿಯಾಯಿತು. ಭಾರತದಲ್ಲಿ ಹುಟ್ಟುವ ಮಗುವಿನ ತಂದೆ ತಾಯಿ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ವೀಸಾ ಅವಧಿ ಮೀರಿ ಉಳಿದ ವಿದೇಶಿಯರೂ ಅಕ್ರಮ ವಲಸಿಗರೇ. ಹೊರದೇಶದಲ್ಲಿ ಹುಟ್ಟುವ ನಮ್ಮ ಮಗಳಂತಹ ಮಕ್ಕಳ ಜನನವನ್ನು ಅದೇ ದಿನಾಂಕದಿಂದ ಒಂದು ವರ್ಷದೊಳಗೆ ಕಾನ್ಸುಲೇಟ್‌ನಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರಕಾರದ ಅನುಮತಿ ಬೇಕು.

ಮಗಳ ನೋಂದಣಿ ಮುಗಿದಾಗ ನಾವು ನಿಶ್ಚಿಂತರಾದೆವು. ಕೆಳಗಿನ ಮನೆಯ ಮಗುವಿಗೆ ಜನನ ಪ್ರಮಾಣಪತ್ರವೇ ಇಲ್ಲವೆಂಬುದು ಎರಡನೆಯ ತಿಂಗಳಲ್ಲೇ ನಮಗೆ ತಿಳಿದಿತ್ತು. ಹೆರಿಗೆಯ ಬಿಲ್ಲು ಬಾಕಿ ಇತ್ತು. ಕಚೇರಿಗೆ ಹೋದರೆ ಹಿಡಿದು ಕಳುಹಿಸುವರೆಂಬ ಭಯ ಆ ತಂದೆಗೆ. ಅವರೊಂದಿಗೆ ಓಡಾಡಿದರೆ ನಮ್ಮ ವೀಸಾಕ್ಕೂ ತೊಂದರೆಯಾದೀತೆಂಬ ಭಯ ನಮಗೆ. ಬಿರಿಯಾನಿಯ ಪಾತ್ರೆ ಕೆಳಗಿಳಿಯಿತೇ ಹೊರತು ಆ ಮಾತನ್ನು ನಾವು ಎತ್ತಲಿಲ್ಲ.

ಆಗಸ್ಟ್ 1ರಂದು ಯುಎಇ ಸರಕಾರವು ವೀಸಾ ಮುಗಿದವರಿಗೆ ಕ್ಷಮಾದಾನದ ಅವಧಿಯನ್ನು ಆರಂಭಿಸಿತು. ಅಂದು ರಾತ್ರಿ ಆ ತಾಯಿ ಮಗುವನ್ನೆತ್ತಿಕೊಂಡು ನಮ್ಮ ಬಾಗಿಲಿಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ವೀಸಾ ಮುಗಿದುದಕ್ಕೆ ಇವನೂ ಭಾರತೀಯನಲ್ಲದವನಾಗುತ್ತಾನೆಯೇ?"

ಇಲ್ಲವೆಂದು ನಮಗೆ ಗೊತ್ತಿತ್ತು. ತಂದೆ ತಾಯಿ ಭಾರತೀಯರಾಗಿರುವಾಗ ಯುಎಇಯಲ್ಲಿ ಅವರ ವೀಸಾ ಮುಗಿದಿದೆಯೆಂದು ಭಾರತದ ಕಾನೂನು ಆ ಮಗುವನ್ನು ದೂರವಿಡುವುದಿಲ್ಲ. ವರ್ಷದ ಗಡುವಿನೊಳಗೆ ನೋಂದಣಿಯಾಗಬೇಕು, ಅಷ್ಟೇ. ಇದನ್ನು ಹೇಳಲು ನಮಗೆ ಆರು ತಿಂಗಳು ಬೇಕಾಯಿತು.

ಊರಿನವರು ಕೂಡಿ ಆಸ್ಪತ್ರೆಯ ಬಿಲ್ಲು ತೀರಿಸಿದರು. ಪ್ರಮಾಣಪತ್ರ ಬಂದಿತು. ಹತ್ತನೆಯ ತಿಂಗಳಲ್ಲಿ ಮಗುವಿನ ಹೆಸರು ನೋಂದಣಿಯಾಯಿತು. ಡಿಸೆಂಬರ್‌ನಲ್ಲಿ ಮೂವರೂ ಊರಿಗೆ ಮರಳಿದರು.

ಮಗು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು. ತಾನು ಹುಟ್ಟುವ ನೆಲವನ್ನಾಗಲಿ, ತಂದೆ ತಾಯಿಯ ಕೈಯಲ್ಲಿರುವ ಕಾಗದವನ್ನಾಗಲಿ ಅದು ಆರಿಸಿಕೊಂಡು ಬರುವುದಿಲ್ಲ. ಹೊರನಾಡಿನಲ್ಲಿರುವ ನಮ್ಮ ಸಹೋದರ ಸಹೋದರಿಯರು ಅಕೀಕಾದ ದಿನವನ್ನು ಎಣಿಸುವಂತೆಯೇ ನೋಂದಣಿಯ ದಿನವನ್ನೂ ಎಣಿಸಲಿ. ನೆರೆಮನೆಯ ಮಗುವಿನ ಕಾಗದವನ್ನೂ ಒಮ್ಮೆ ವಿಚಾರಿಸಲಿ. ನಾವು ಮೌನವಾಗಿದ್ದ ಆರು ತಿಂಗಳು ನಮ್ಮ ಲೆಕ್ಕದಲ್ಲಿದೆ. ಅದಕ್ಕಾಗಿ ಅಲ್ಲಾಹನು ನಮ್ಮನ್ನು ಕ್ಷಮಿಸಲಿ.