ಹೆಬ್ಬೆರಳಿನ ಸವಾರಿ: ಪಾರ್ಲೆಯಿಂದ ನಾಗಾಂವ್ ಕಡಲತೀರಕ್ಕೆ

ಮುಂಬೈಯಲ್ಲಿರುವ ನಮ್ಮವರಿಗೆ ರಜೆಯ ಲೆಕ್ಕ ಸರಳ. ನಾಲ್ಕು ದಿನ ಸಿಕ್ಕರೆ ಊರು, ಎರಡು ದಿನ ಸಿಕ್ಕರೆ ಅಲಿಬಾಗ್. ಇತ್ತೀಚೆಗೆ ಇದಕ್ಕೆ ಮೂರನೆಯದೊಂದು ಸೇರಿಕೊಂಡಿದೆ: ಒಂದು ವಾರ ಸಿಕ್ಕರೆ ಬಾಲಿ. ವಿಲೆ ಪಾರ್ಲೆಯ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ದೀಪಾವಳಿ ರಜೆ ಮುಗಿದ ಮೇಲೆ ಒಂದೇ ತರಹದ ಫೋಟೋಗಳು ಬರುತ್ತವೆ. ಉಬುದ್‌ನ ಗದ್ದೆಗಳ ನಡುವೆ ಮುಖಕ್ಕೆಲ್ಲ ಕೆಸರು ಮೆತ್ತಿಕೊಂಡು, ನಾಲ್ಕು ದಪ್ಪ ಗಾಲಿಗಳ ಗಾಡಿಯ ಮೇಲೆ ಕೂತು ಹಲ್ಲು ಕಿಸಿಯುವ ಗಂಡ, ಹೆಂಡತಿ, ಮಕ್ಕಳು. ಅದೇ ಎಟಿವಿ. ಅಂದರೆ ಆಲ್ ಟೆರೇನ್ ವೆಹಿಕಲ್, ರಸ್ತೆಯೇ ಇಲ್ಲದ ಕಡೆ ಓಡುವ ಗಾಡಿ.

ಆ ಫೋಟೋಗಳನ್ನು ನೋಡಿದ ನನ್ನ ಹನ್ನೊಂದು ವರ್ಷದ ಮಗ ಹಟ ಹಿಡಿದ. ಬಾಲಿಯ ಲೆಕ್ಕ ಹಾಕಿದೆ. ಬಂದಿಳಿದ ಮೇಲೆ ಕೊಡುವ ವೀಸಾಕ್ಕೆ ತಲೆಗೆ 5 ಲಕ್ಷ ರೂಪಾಯಾ, 2024ರ ಫೆಬ್ರವರಿಯಿಂದ ವಿದೇಶಿ ಪ್ರವಾಸಿಗರ ಮೇಲೆ ಹಾಕಿರುವ ತೆರಿಗೆ ತಲೆಗೆ 1.5 ಲಕ್ಷ ರೂಪಾಯಾ. ಇಂಡೋನೇಷ್ಯಾದ ಲಕ್ಷ ನಮ್ಮ ಲಕ್ಷವಲ್ಲ, ನಿಜ. ಆದರೂ ವಿಮಾನದ ಟಿಕೆಟ್ಟು ಸೇರಿಸಿದರೆ ಗಾಡಿ ಏರುವ ಮೊದಲೇ ಜೇಬು ಕೆಸರಾಗುತ್ತದೆ. ಅದೇ ತರಹದ ಗಾಡಿ ಅಲಿಬಾಗ್ ದಾಟಿ ಒಂಬತ್ತು ಕಿಲೋಮೀಟರ್ ಹೋದರೆ ನಾಗಾಂವ್‌ನಲ್ಲಿ ಸಿಗುತ್ತದೆ. ಕಡಲು ಅದೇ, ತೆಂಗು ಅದೇ, ಬಿಸಿಲೂ ಹೆಚ್ಚುಕಡಿಮೆ ಅದೇ. ಜನವರಿಯ ಒಂದು ಶನಿವಾರ ಹೊರಟೆವು.

ಪಾರ್ಲೆಯವರಿಗೆ ಅಲಿಬಾಗ್ ದಾರಿಯಲ್ಲಿ ಒಂದು ಅನುಕೂಲ ಇದೆ, ಎಷ್ಟೋ ಜನ ಅದನ್ನು ಬಳಸುವುದಿಲ್ಲ. ನಮ್ಮ ಸ್ಟೇಷನ್ನಿನಲ್ಲಿ ಹಾರ್ಬರ್ ಲೈನಿನ ಲೋಕಲ್ ಕೂಡ ನಿಲ್ಲುತ್ತದೆ. ಸಿಎಸ್‌ಎಂಟಿ ಕಡೆಗೆ ಹೋಗುವ ಆ ಗಾಡಿ ಹತ್ತಿ ಡಾಕ್‌ಯಾರ್ಡ್ ರೋಡಿನಲ್ಲಿ ಇಳಿದರೆ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷಕ್ಕೆ ಭಾವುಚಾ ಧಕ್ಕಾ. ಅಲ್ಲಿಂದ 2020ರ ಮಾರ್ಚ್‌ನಲ್ಲಿ ಶುರುವಾದ ರೋ-ರೋ ಹಡಗು ಕಾರು, ಬೈಕು, ಜನ ಎಲ್ಲರನ್ನೂ ಹೊತ್ತು ಸುಮಾರು ಒಂದು ಗಂಟೆಯಲ್ಲಿ ಮಾಂಡವಾ ಮುಟ್ಟಿಸುತ್ತದೆ. ಗೇಟ್‌ವೇಯಿಂದ ಹೊರಡುವ ಸಣ್ಣ ದೋಣಿಗಳು ಮಳೆಗಾಲದಲ್ಲಿ ನಿಂತುಬಿಡುತ್ತವೆ, ಅದು ನೆನಪಿರಲಿ. ಕಾರಿನಲ್ಲೇ ಹೋಗಬೇಕೆನ್ನುವವರಿಗೆ 2024ರ ಜನವರಿ 12ರಂದು ತೆರೆದ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು ಇದೆ. ಮಾಂಡವಾದಿಂದ ಅಲಿಬಾಗ್ ಸುಮಾರು ಇಪ್ಪತ್ತು ಕಿಲೋಮೀಟರ್. ದಾರಿಯುದ್ದಕ್ಕೂ ಅಡಿಕೆ, ತೆಂಗಿನ ವಾಡಿಗಳು, ಕೆಂಪು ಹೆಂಚಿನ ಮನೆಗಳು, ಜಡೆ ಹೆಣೆದು ತೂಗುಹಾಕಿದ ಬಿಳಿ ಈರುಳ್ಳಿ. ಕುಮಟಾದವನಾದ ನನಗೆ ಹೊನ್ನಾವರದ ಕಡೆ ಹೋಗುತ್ತಿದ್ದೇನೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬೋರ್ಡು ಮಾತ್ರ ಮರಾಠಿ.

ಅಲಿಬಾಗ್ ಊರೊಳಗೆ ಹೋಗುವವರು ಅಲ್ಲಿನ ಭೂಕಾಂತೀಯ ವೀಕ್ಷಣಾಲಯದ ಕಥೆ ತಿಳಿದಿರಬೇಕು. ಅದು ಮೊದಲು ಮುಂಬೈಯ ಕೊಲಾಬಾದಲ್ಲಿತ್ತು. ನಗರದ ಟ್ರಾಮುಗಳು ಕುದುರೆ ಬಿಟ್ಟು ವಿದ್ಯುತ್ತಿಗೆ ಬದಲಾಗುತ್ತವೆ ಎಂದಾದಾಗ, ಭೂಮಿಯ ಕಾಂತಕ್ಷೇತ್ರ ಅಳೆಯುವ ಸೂಕ್ಷ್ಮ ಉಪಕರಣಗಳಿಗೆ ಅದು ಅಡ್ಡಿಯಾಗುತ್ತದೆಂದು 1904ರಲ್ಲಿ ಕೆಲಸವನ್ನು ಅಲಿಬಾಗ್‌ಗೆ ಸಾಗಿಸಿದರು. ಮುಂಬೈಯ ಗಲಾಟೆ ತಾಳದೆ ಅಲಿಬಾಗ್‌ಗೆ ಓಡಿದವರಲ್ಲಿ ವಿಜ್ಞಾನವೂ ಒಂದು!

ನಾಗಾಂವ್‌ಗೆ ಹೋಗುವ ಮುನ್ನ ಹೋಟೆಲ್ ಬುಕಿಂಗಿಗಿಂತ ಮೊದಲು ನೋಡಬೇಕಾದ್ದು ಪಂಚಾಂಗ. ತಮಾಷೆಯಲ್ಲ. ಎಟಿವಿ ಓಡುವುದು ನೀರು ಇಳಿದಾಗ ತೆರೆದುಕೊಳ್ಳುವ ಗಟ್ಟಿ ಮರಳಿನ ಮೇಲೆ. ಮುಂಬೈ ಕಡಲಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನಡುಮಧ್ಯಾಹ್ನಕ್ಕೆ ದೊಡ್ಡ ಉಬ್ಬರ, ಬೆಳಿಗ್ಗೆ ಮತ್ತು ಸಂಜೆ ಇಳಿತ. ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತಾ, ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುಗುಮುರುಗಾಗಿ ಮಧ್ಯಾಹ್ನವೇ ಇಳಿತ ಬರುತ್ತದೆ. ಹುಣ್ಣಿಮೆ ದಿನ ಹನ್ನೆರಡಕ್ಕೆ ಹೋದವರಿಗೆ ಸಿಗುವುದು ಗಾಳಿಮರಗಳ ಬುಡದ ಒಂದು ಪಟ್ಟಿ ಒಣಮರಳು. ಅಲ್ಲಿ ಗಾಡಿ ಹೂತುಕೊಳ್ಳುತ್ತದೆ, ಜನರ ಮೈಮೇಲೂ ಹೋಗುತ್ತದೆ. ನಾವು ಹೋದದ್ದು ಅಷ್ಟಮಿಯಂದು. ಹನ್ನೊಂದು ಗಂಟೆಗೆ ನೀರು ಹಿಂದೆ ಸರಿದು ವಿಶಾಲವಾದ ಒದ್ದೆ ಅಂಗಳ ಬಿದ್ದಿತ್ತು.

ತೀರದಲ್ಲಿ ಗಾಡಿಗಳ ಸಾಲು. ನಮಗೆ ಸಿಕ್ಕ ಗೈಡ್ ಇಪ್ಪತ್ತೆರಡರ ಹುಡುಗ. ಹಿಂದಿಯಲ್ಲಿ ಮಾತು ಶುರುಮಾಡಿದ. ನಾನು ಹೆಂಡತಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕಿವಿಗೆ ಬಿತ್ತು.

"ಸರ, ಕನ್ನಡದವರೇನ್ರಿ? ಯಾವೂರ್ರಿ?"

"ಕುಮಟಾ. ನಿನ್ನದು ಯಾವೂರಪ್ಪಾ?"

"ಇಂಡಿ ತಾಲೂಕ್ರಿ, ಬಿಜಾಪುರ."

ಅಪ್ಪ ಗೌಂಡಿ ಕೆಲಸಕ್ಕೆ ಬಂದವರಂತೆ. ಇವನು ಎಂಟನೇ ಇಯತ್ತೆಯವರೆಗೆ ಇಲ್ಲೇ ಕಲಿತು, ಆಮೇಲೆ ಗಾಡಿ ತೊಳೆಯಲು ಸೇರಿ, ಈಗ ಗೈಡ್. ಮಳೆಗಾಲ ಬಂದರೆ ಊರಿಗೆ, ತೊಗರಿ ಬಿತ್ತನೆಗೆ. ಅಲ್ಲಿಂದ ಮುಂದಿನ ಪಾಠವೆಲ್ಲ ಇಂಡಿಯ ಕನ್ನಡದಲ್ಲಿ ನಡೆಯಿತು.

"ಇದು ನಿಮ್ಮ ಸ್ಕೂಟರ್ ಅಲ್ರಿ. ಆ್ಯಕ್ಸಿಲರೇಟರ್ ತಿರುವೂದಿಲ್ಲ, ಹೆಬ್ಬೆರಳಿಲೆ ಒತ್ತೂದು. ಮೆತ್ತಗ ಒತ್ರಿ. ಅಂಜಿಕಿ ಬಂತಂದ್ರ ಮೊದಲ ಹೆಬ್ಬೆರಳ ತಗೀರಿ. ಕಾಲು ಮಾತ್ರ ಕೆಳಗ ಬಿಡಬ್ಯಾಡ್ರಿ, ಹಿಂದಿನ ಗಾಲಿ ಎಳಕೊಂಡ ಬಿಡ್ತೈತಿ."

ಈ ಮೂರು ಮಾತಿನಲ್ಲಿ ಹೊಸಬರಿಗೆ ಬೇಕಾದ ಮುಕ್ಕಾಲು ಪಾಠ ಇದೆ. ಹೆದರಿದಾಗ ನಾವು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುತ್ತೇವೆ. ಬಿಗಿಹಿಡಿದರೆ ಹೆಬ್ಬೆರಳು ಒತ್ತುತ್ತದೆ, ಒತ್ತಿದರೆ ಗಾಡಿ ಇನ್ನೂ ಜೋರಾಗಿ ಓಡುತ್ತದೆ. ಎಟಿವಿಯಲ್ಲಿ ಭಯವೇ ವೇಗವಾಗುವುದು ಹೀಗೆ. ಸ್ಕೂಟರ್ ಓಡಿಸಿ ರೂಢಿಯಿದ್ದವರು ಗಾಡಿ ವಾಲಿತೆಂದರೆ ಕಾಲು ಊರುತ್ತಾರೆ. ಇಲ್ಲಿ ಕಾಲು ಊರಿದರೆ ಅದು ಹಿಂದಿನ ಗಾಲಿಯ ಅಡಿಗೆ ಹೋಗುತ್ತದೆ.

ತಿರುವಿನ ಗುಟ್ಟು ಬೇರೆ. ಇಂಥ ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಎರಡು ಗಾಲಿಗಳಿಗೆ ಒಂದೇ ಗಟ್ಟಿ ಅಚ್ಚು. ಕಾರಿನಲ್ಲಿರುವಂತೆ ಒಳಗಾಲಿ ನಿಧಾನ, ಹೊರಗಾಲಿ ಬೇಗ ತಿರುಗುವ ವ್ಯವಸ್ಥೆ ಇರುವುದಿಲ್ಲ. ಹಾಗಾಗಿ ಗಾಡಿಗೆ ನೇರವಾಗಿ ಹೋಗುವುದೇ ಇಷ್ಟ. ವೇಗ ಇಳಿಸಿ, ಹ್ಯಾಂಡಲ್ ತಿರುಗಿಸಿ, ತಿರುವಿನ ಒಳಬದಿಗೆ ಮೈ ವಾಲಿಸಿದರೆ ಮಾತ್ರ ಅದು ಮಾತು ಕೇಳುತ್ತದೆ. ಕಂಬದ ಹಾಗೆ ನೆಟ್ಟಗೆ ಕೂತರೆ ಹೊರಬದಿಗೆ ಮಗುಚುತ್ತದೆ. ಮೆತ್ತನೆಯ ಬಲೂನಿನಂಥ ಟಯರು ನೋಡಿ ಆಟಿಕೆ ಅಂದುಕೊಳ್ಳಬಾರದು. ದೊಡ್ಡವರ ಗಾಡಿಯ ತೂಕ ಇನ್ನೂರರಿಂದ ಮುನ್ನೂರು ಕಿಲೋ ದಾಟುತ್ತದೆ.

ಇದರ ಇತಿಹಾಸವೂ ಮಗುಚಿ ಬೀಳುವುದರಿಂದಲೇ ತಿದ್ದಿಕೊಂಡದ್ದು. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಚಳಿಗಾಲಕ್ಕೂ ಮಾರಬಹುದಾದ ಗಾಡಿ ಬೇಕೆಂದು ಮೂರು ಗಾಲಿಯದೊಂದನ್ನು ತಂದಿತು. ಮೂರು ಗಾಲಿ ತಿರುವಿನಲ್ಲಿ ನಿಲ್ಲುತ್ತಿರಲಿಲ್ಲ. ಸಾವುನೋವು ಹೆಚ್ಚಿ 1988ರಲ್ಲಿ ಸರ್ಕಾರದೊಡನೆ ಆದ ಒಪ್ಪಂದದಂತೆ ಕಂಪನಿಗಳು ಅಲ್ಲಿ ಹೊಸ ಮೂರು ಗಾಲಿ ಗಾಡಿಗಳ ಮಾರಾಟ ನಿಲ್ಲಿಸಿದವು. ಅಷ್ಟರಲ್ಲಿ ಸುಜುಕಿ ನಾಲ್ಕು ಗಾಲಿಯದನ್ನು ತಂದಿತ್ತು. ನಾಲ್ಕಾದ ಮೇಲೆ ಅಪಾಯ ಕಡಿಮೆಯಾಯಿತು, ಹೋಗಲಿಲ್ಲ.

ನಾನು ಒಂದು ಸುತ್ತು, ಹೆಂಡತಿ ಒಂದು ಸುತ್ತು ಓಡಿಸಿದೆವು. ಹುಡುಗ ಪಕ್ಕದಲ್ಲಿ ಇನ್ನೊಂದು ಗಾಡಿಯಲ್ಲಿ. ಒದ್ದೆ ಮರಳಿನ ಮೇಲೆ ಮುಖಕ್ಕೆ ಉಪ್ಪುಗಾಳಿ ಬಡಿಯುವಾಗ, ಸೋಮವಾರದ ಸ್ಟ್ಯಾಂಡ್‌ಅಪ್ ಕಾಲು, ಪೆಂಡಿಂಗ್ ಟಿಕೆಟ್ಟು ಎಲ್ಲ ಖಾರ್ ಸಬ್‌ವೇಯಲ್ಲೇ ಉಳಿದಂತೆ ಅನ್ನಿಸಿದ್ದು ಸುಳ್ಳಲ್ಲ. ನನಗಿಂತ ಹೆಂಡತಿಯೇ ಚೆನ್ನಾಗಿ ತಿರುಗಿಸಿದಳು. "ಬಾಯಾರು ಮೈ ಬಿಟ್ಟು ಕುಂತಾರ್ರಿ, ನೀವು ಬಿಗಿ ಹಿಡೀತೀರಿ" ಎಂದು ಹುಡುಗ ತೀರ್ಪು ಕೊಟ್ಟ.

ಆಮೇಲೆ ಮಗನ ಸರದಿ. ಪಕ್ಕದ ಸಾಲಿನಲ್ಲಿ ಒಬ್ಬ ತಂದೆ ಏಳೆಂಟು ವರ್ಷದ ಮಗಳನ್ನು ಮುಂದೆ ಕೂರಿಸಿಕೊಂಡು, ಅವಳ ಕೈಗೇ ಹ್ಯಾಂಡಲ್ ಕೊಟ್ಟು ಹೊರಟಿದ್ದರು. "ಪಪ್ಪಾ, ನಾನೂ ಹಾಗೇ" ಎಂದ ಮಗ. ನಾನು ಗೈಡ್ ಹುಡುಗನ ಮುಖ ನೋಡಿದೆ. ಅವನು ಏನೂ ಹೇಳಲಿಲ್ಲ.

"ನಿನ್ನ ಮಗ ಆಗಿದ್ದರೆ ಕೂರಿಸ್ತಿದ್ದೆಯಾ?" ಎಂದು ಕೇಳಿದೆ.

"ನನ್ನ ಮಗ ಇನ್ನಾ ತೊಟ್ಟಿಲದಾಗ ಅದಾನ್ರಿ" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, "ದೊಡ್ಡಾವ ಆದ್ರೂ ಕೂಡಸೂದಿಲ್ರಿ. ಆದ್ರ ನಾ ಬ್ಯಾಡ ಅಂದ್ರ ಗಿರಾಕಿ ಮುಂದಿನ ಸ್ಟ್ಯಾಂಡಿಗೆ ಹೋಗ್ತಾರ್ರಿ. ಮಾಲಕ ನನ್ನ ಕೇಳ್ತಾನ."

ಅವನಿಗೆ ತಿಂಗಳ ಸಂಬಳವಿಲ್ಲ, ಸುತ್ತಿಗೆ ಇಷ್ಟು ಎಂದು ದುಡ್ಡು. ಗಿರಾಕಿ ಗುದ್ದಿ ಬಂಪರ್ ಮುರಿದರೆ ಅರ್ಧ ಇವನ ಲೆಕ್ಕಕ್ಕೆ. ಅಂದರೆ ಸುರಕ್ಷತೆಯ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದವನಿಗೆ 'ಬೇಡ' ಎನ್ನುವ ಅಧಿಕಾರವಿಲ್ಲ. ದುಡ್ಡು ಕೊಡುವ, ಏನೂ ತಿಳಿಯದ ನಮಗೆ ಆ ಅಧಿಕಾರವಿದೆ. 'ಗೈಡೆಡ್ ಟೂರ್' ಎಂಬ ಮಾತಿನ ಅರ್ಥ ಗೈಡ್ ಹೇಳಿದ್ದನ್ನು ಕೇಳುವುದು ಎಂದಾದರೆ, ಅವನು ಹೇಳಲಾಗದ್ದನ್ನು ನಾವೇ ಕೇಳಿ ತಿಳಿಯಬೇಕಾಗುತ್ತದೆ. ಹದಿನಾರರ ಒಳಗಿನ ಮಕ್ಕಳು ದೊಡ್ಡವರ ಎಟಿವಿ ಓಡಿಸಬಾರದು, ಒಬ್ಬರ ಗಾಡಿಯಲ್ಲಿ ಇಬ್ಬರು ಕೂರಬಾರದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಬಹಳ ವರ್ಷಗಳಿಂದ ಹೇಳುತ್ತಲೇ ಇದೆ. ಕಾರಣ ಸರಳ. ಈ ಗಾಡಿ ನಿಲ್ಲುವುದೇ ಸವಾರ ಮೈ ಅತ್ತಿತ್ತ ವಾಲಿಸುವುದರಿಂದ. ಮುಂದೊಂದು ಮಗು ಕೂತರೆ ವಾಲಿಸಲು ಜಾಗವೇ ಇರುವುದಿಲ್ಲ.

ಮಗನನ್ನು ಕೂರಿಸಲಿಲ್ಲ. ಅವನು ಮುಖ ಊದಿಸಿಕೊಂಡ. ಅರ್ಧ ಗಂಟೆಯಲ್ಲಿ ಅಲಿಬಾಗ್ ತೀರ ತಲುಪಿ, ನೀರು ಇಳಿದಿದ್ದಾಗಲೇ ಕುದುರೆ ಗಾಡಿ ಹತ್ತಿ ಕುಲಾಬಾ ಕೋಟೆಗೆ ಹೋದೆವು. ಶಿವಾಜಿಯ ಆಜ್ಞೆಯಂತೆ ಕಟ್ಟಲು ತೊಡಗಿ, ಮುಂದೆ ಕಾನ್ಹೋಜಿ ಆಂಗ್ರೆಯ ನೌಕಾನೆಲೆಯಾದ ಕೋಟೆ ಅದು. ಸುತ್ತ ಉಪ್ಪುನೀರು, ನಡುವೆ ಸಿಹಿನೀರಿನ ಬಾವಿ. ಬಾವಿ ಬಗ್ಗಿ ನೋಡುವ ಹೊತ್ತಿಗೆ ಅವನ ಸಿಟ್ಟು ಅರ್ಧ ಇಳಿದಿತ್ತು. ಉಳಿದರ್ಧ ಐಸ್ ಗೋಲಾಕ್ಕೆ ಹೋಯಿತು.

ಇನ್ನೊಂದು ವಿಷಯ ಹೇಳದೆ ಮುಗಿಸಲಾರೆ. ಒದ್ದೆ ಮರಳಿನ ಮೇಲಿನ ಗಾಲಿಯ ಗುರುತನ್ನು ಮುಂದಿನ ಉಬ್ಬರ ಅಳಿಸುತ್ತದೆ. ಮೇಲಿನ ಒಣ ದಿಬ್ಬಗಳದು ಹಾಗಲ್ಲ. ನೇರಳೆ ಹೂವಿನ ಬಳ್ಳಿಗಳು ಬೇರು ಬಿಟ್ಟು ಹಿಡಿದಿಟ್ಟ ಮರಳು ಅದು, ಅಲೆಗೂ ವಾಡಿಗಳಿಗೂ ನಡುವಿನ ಗೋಡೆ. ಬಳ್ಳಿ ಕಿತ್ತರೆ ಗಾಳಿ ಮರಳನ್ನು ಒಯ್ಯುತ್ತದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಮರಳ ದಿಬ್ಬಗಳನ್ನೂ ಕಡಲಾಮೆ ಮೊಟ್ಟೆಯಿಡುವ ಜಾಗಗಳನ್ನೂ ಅತ್ಯಂತ ಹೆಚ್ಚು ರಕ್ಷಣೆಯ ವರ್ಗದಲ್ಲಿಟ್ಟಿದೆ. ರತ್ನಾಗಿರಿಯ ವೇಳಾಸದಲ್ಲಿ, ನಮ್ಮ ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಆಮೆಗಳು ಇಂಥದೇ ಮರಳಿಗೆ ಬರುತ್ತವೆ. ಗೈಡ್ ದಿಬ್ಬದ ಮೇಲೆ ಹತ್ತಿಸೋಣ ಎಂದರೆ ಬೇಡ ಎನ್ನಿ. ಇಲ್ಲಿಯೂ ಬೇಡ ಎನ್ನಬಲ್ಲವರು ನಾವೇ.

ಹೋಗುವವರಿಗೆ ನಾನು ಹೇಳುವುದಿಷ್ಟು. ಮಹಾರಾಷ್ಟ್ರ 2021ರಲ್ಲಿ ಸಾಹಸ ಪ್ರವಾಸೋದ್ಯಮ ನೀತಿ ತಂದಿದೆ, ನಡೆಸುವವರು ಪ್ರವಾಸೋದ್ಯಮ ನಿರ್ದೇಶನಾಲಯದಲ್ಲಿ ನೋಂದಾಯಿಸಿಕೊಳ್ಳಬೇಕು. ಆ ಕಾಗದ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಹೊರಡುವ ಮೊದಲು ಬ್ರೇಕ್ ಹಿಡಿದು ನೋಡಿ. ಉಪ್ಪುನೀರಿನಲ್ಲಿ ದಿನವೂ ಓಡುವ ಗಾಡಿಯಲ್ಲಿ ಮೊದಲು ತುಕ್ಕು ಹಿಡಿಯುವುದು ಅದೇ. ವೇಗ ತಡೆಯುವ ಸ್ಕ್ರೂ ಹೆಬ್ಬೆರಳಿನ ಲಿವರ್ ಬಳಿ ಇರುತ್ತದೆ, ಹೊಸಬರೆಂದು ಹೇಳಿ ಬಿಗಿ ಮಾಡಿಸಿಕೊಳ್ಳಿ. ಬೂಟು ಹಾಕಿ, ಚಪ್ಪಲಿ ಬೇಡ. ಎಲ್ಲರ ಬೆವರು ಕುಡಿದ ಹೆಲ್ಮೆಟ್ಟಿನ ಒಳಗೆ ಕಟ್ಟಿಕೊಳ್ಳಲು ಒಂದು ಹತ್ತಿ ಬಟ್ಟೆ ಒಯ್ಯಿರಿ, ಆದರೆ ಹೆಲ್ಮೆಟ್ ಬಿಡಬೇಡಿ. ಬಾಲಿಗೇ ಹೋಗುವವರು ಪ್ರಯಾಣ ವಿಮೆಯ ಸಣ್ಣಕ್ಷರ ಓದಿ, ಎಷ್ಟೋ ಪಾಲಿಸಿಗಳಲ್ಲಿ ಈ ಸವಾರಿಗೆ ರಕ್ಷಣೆ ಇರುವುದಿಲ್ಲ. ಕೊಡಗಿನ ಕಾಫಿ ತೋಟಗಳ ಹಾದಿಯಲ್ಲಿ ಓಡಿಸುವವರಿಗೆ ಒಂದು ಮಾತು: ಇಳಿಜಾರು ಮತ್ತು ಮಳೆಯ ಜಾರುಮಣ್ಣು ನಾಗಾಂವ್‌ನ ಸಪಾಟು ಮರಳಿನಂತಲ್ಲ. ಮೊದಲ ಪಾಠ ಸಪಾಟಿನಲ್ಲೇ ಆಗಲಿ.

ಕೊನೆಯದಾಗಿ, ಗೈಡ್‌ನ ಕೈಗೆ ನೇರವಾಗಿ ಏನಾದರೂ ಕೊಡಿ. ಅದರಲ್ಲೂ ಅವನು ನಿಮಗೆ 'ಬೇಡ' ಎಂದಿದ್ದರೆ ಸ್ವಲ್ಪ ಹೆಚ್ಚೇ ಕೊಡಿ.