ಕೋಲಾರದ ಸೀಮೆಯಲ್ಲಿ ಬೈಸಿಕಲ್ಲು ಸವಾರಿ

ಬೆಂಗಳೂರಿನಿಂದ ಮೂಡಲಿಗೆ ಹೊರಟವರಿಗೆ ಕೋಲಾರದ ಸೀಮೆ ಕಾಣುವುದು ಸಾಮಾನ್ಯವಾಗಿ ಮೋಟಾರಿನ ಕಿಟಕಿಯಿಂದ. ತಿರುಪತಿಗೋ ಚೆನ್ನೈಗೋ ಧಾವಿಸುವ ಆ ಹೆದ್ದಾರಿಯ ಮೇಲೆ ಕೋಲಾರವೆಂಬುದು ಒಂದು ಹಲಗೆಯ ಹೆಸರು. ಮುಳಬಾಗಿಲೆಂಬುದು ಒಂದು ದೋಸೆ. ಹಾಗೆ ಹೋಗಿಬಂದವರು “ಅಲ್ಲೇನಿದೆ? ಬರಿಯ ಬಂಡೆ, ಬರಿಯ ಬಿಸಿಲು” ಎನ್ನುವುದುಂಟು. ಮಾಲೂರಿನಲ್ಲಿ ಮನೆಮಾಡಿಕೊಂಡು ಇಪ್ಪತ್ತು ವರ್ಷ ಕಳೆದ ಮೇಲೂ ನಾನು ಹಾಗೆಯೇ ತಿಳಿದಿದ್ದೆನೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ. ಆ ಅಜ್ಞಾನವನ್ನು ಕಳೆದದ್ದು ಒಂದು ಬೈಸಿಕಲ್ಲು. ನನ್ನನ್ನು ಅದರ ಮೇಲೆ ಹತ್ತಿಸಿದವಳು ನನ್ನ ತಮ್ಮನ ಮಗಳು.

ಹುಡುಗಿಗೆ ಹದಿನಾಲ್ಕು ವರ್ಷ. ಡಿಸೆಂಬರಿನ ರಜೆಯಲ್ಲಿ ಮಾಲೂರು, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಈ ನಾಲ್ಕು ತಾಲ್ಲೂಕುಗಳನ್ನೂ ಬೈಸಿಕಲ್ಲಿನ ಮೇಲೆ ನೋಡಿಬರಬೇಕೆಂದು ಹಟ ಹಿಡಿದಳು. “ದೊಡ್ಡಪ್ಪ, ನೀವು ಸಂಗಡ ಬಂದರೆ ಅಮ್ಮ ಬೇಡವೆನ್ನುವುದಿಲ್ಲ” ಎಂದು ನನ್ನನ್ನು ಸಿಕ್ಕಿಸಿದಳು. ಅವಳ ತಾಯಿ ಬೇಡವೆನ್ನಲಿಲ್ಲ, ಆದರೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಭಾವನವರೇ, ಬೆಟ್ಟಗುಡ್ಡಕ್ಕೆ ನಾನು ಹೆದರುವುದಿಲ್ಲ, ಲಾರಿಗೆ ಹೆದರುತ್ತೇನೆ. ಹೆದ್ದಾರಿಯ ಮೇಲೆ ಮಗುವನ್ನು ಒಂದು ಫರ್ಲಾಂಗೂ ಕರೆದೊಯ್ಯುವುದಿಲ್ಲವೆಂದು ಮಾತು ಕೊಡಿ” ಎಂದಳು. ಕೊಟ್ಟೆ. ಆ ಮಾತೇ ನಮ್ಮ ಪ್ರಯಾಣದ ದಾರಿಯನ್ನು ಗೊತ್ತುಮಾಡಿತು.

ನಕ್ಷೆಯನ್ನು ಹರಡಿಕೊಂಡು ಕುಳಿತಾಗ ನನಗೊಂದು ಸಂಗತಿ ಹೊಳೆಯಿತು. ಈ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಪಾಲಾರ್, ಪಿನಾಕಿನಿಗಳು ಹೆಸರಿಗೆ ನದಿಗಳು. ಮಳೆ ಬಂದಾಗ ಹರಿದು, ಉಳಿದ ದಿನ ಮರಳಾಗಿ ಮಲಗಿರುತ್ತವೆ. ಆದ್ದರಿಂದ ನಮ್ಮ ಹಿಂದಿನವರು ಗುಡ್ಡಗಳ ನಡುವಣ ತಗ್ಗುಗಳಿಗೆ ಅಡ್ಡಲಾಗಿ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಕೆರೆಗಳೆಲ್ಲ ಸರಪಣಿಯಂತೆ ಕೂಡಿಕೊಂಡಿವೆ. ಏರಿ ನೀರನ್ನು ತಡೆಯುವ ಕಟ್ಟೆ ಮಾತ್ರವಲ್ಲ; ಈಚೆಯ ದಿಣ್ಣೆಯಿಂದ ಆಚೆಯ ದಿಣ್ಣೆಗೆ ಇಳಿಯದೆ ಏರದೆ ದಾಟಿಸುವ ಸೇತುವೆಯೂ ಹೌದು. ಎತ್ತಿನ ಗಾಡಿಯವರಿಗೆ ಇದು ತಿಳಿದಿತ್ತು. ಎಷ್ಟೋ ಹಳೆಯ ಊರುದಾರಿಗಳು ಏರಿಯ ಮೇಲೆಯೇ ಹೋಗುತ್ತವೆ. ಎತ್ತಿಗೆ ಸುಲಭವಾದದ್ದು ಬೈಸಿಕಲ್ಲಿಗೂ ಸುಲಭ. ಏರಿಯಿಂದ ಏರಿಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದೆವು. ಹೆದ್ದಾರಿಯನ್ನು ದಾಟುವ ಕೆಲಸವಿತ್ತೇ ಹೊರತು, ಅದರ ಮೇಲೆ ಸಾಗುವ ಕೆಲಸ ಎಲ್ಲಿಯೂ ಇರಲಿಲ್ಲ.

ಗುರುವಾರ ಮುಂಜಾನೆ ಆರು ಗಂಟೆಗೆ ಹೊರಟೆವು. ಎರಡೆರಡು ಸೀಸೆ ನೀರು, ಪಂಕ್ಚರು ಹಾಕುವ ಸಾಮಾನು, ಗಾಳಿ ಹೊಡೆಯುವ ಪಂಪು, ಒಂದು ಡಬ್ಬಿ ಹುರಿಹಿಟ್ಟು, ಒಂದು ಡಬ್ಬಿ ಕೋಡುಬಳೆ. ಇದಿಷ್ಟು ನಮ್ಮ ಸಾಮಗ್ರಿ. ಮಾಲೂರಿನ ಹಂಚು ಇಟ್ಟಿಗೆಗಳ ಗೂಡುಗಳು ಮಂಜಿನಲ್ಲಿ ಹಿಂದೆ ಸರಿದವು. ಟೇಕಲ್ಲಿನ ಬಳಿ ಬಂಡೆಗಳ ಮೇಲೆ ಬಂಡೆಗಳು ಈಗಲೋ ಆಗಲೋ ಉರುಳುವಂತೆ ನಿಂತಿವೆ. ಅವುಗಳ ಮಗ್ಗುಲಲ್ಲಿ, 1864ರಲ್ಲಿ ಮದರಾಸಿನಿಂದ ಬೆಂಗಳೂರಿಗೆ ಮೊದಲು ಬಂದ ರೈಲುದಾರಿ. ಒಂದು ದಿಣ್ಣೆಯಲ್ಲಿ ನನಗೆ ಉಸಿರು ಸಾಲದೆ ಇಳಿದು ತಳ್ಳಿದೆ. ಹುಡುಗಿಯೂ ಇಳಿದಳು. “ನೀನೇಕೆ ಇಳಿದೆ?” ಎಂದರೆ, “ದೊಡ್ಡವರು ನಡೆಯುವಾಗ ನಾನು ಕುಳಿತು ಹೋಗಬಹುದೇ?” ಎಂದಳು. ಅವಳ ಹಣೆಯ ಬೆವರು ಬೇರೆ ಕಾರಣವನ್ನು ಹೇಳುತ್ತಿತ್ತು, ನಾನು ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶತಶೃಂಗದ ಸಾಲು ಕಂಡಿತು. ಅದರ ಅಡಿಯಲ್ಲಿರುವ ಕೋಲಾರ ಹಿಂದೆ ಕುವಲಾಲವೆನಿಸಿ, ತಲಕಾಡಿಗೂ ಮುಂಚೆ ಗಂಗರ ರಾಜಧಾನಿಯಾಗಿತ್ತು. ಅಲ್ಲಿ ಬಂಧುಗಳ ಮನೆಯಲ್ಲಿ ಉಳಿದು, ಮರುದಿನ ಬೆಳಗಿನ ಜಾವ ಅಂತರಗಂಗೆಯ ಮೆಟ್ಟಿಲು ಹತ್ತಿದೆವು. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ. ಸುತ್ತಲಿನ ಸೀಮೆ ಬರದಲ್ಲಿ ಬಾಯಾರಿದಾಗಲೂ ಬೆಟ್ಟದ ಹೊಟ್ಟೆಯಲ್ಲಿ ಇಷ್ಟು ತಂಪು ಉಳಿದಿರುತ್ತದೆಂಬುದು ಭಕ್ತನಲ್ಲದವನಿಗೂ ಕೈಮುಗಿಯುವ ವಿಷಯ.

ಕೋಲಾರದಿಂದ ಶ್ರೀನಿವಾಸಪುರಕ್ಕೆ ನೇರ ರಸ್ತೆಯುಂಟು. ನಾವು ಸುತ್ತಿನ ದಾರಿಯನ್ನು ಹಿಡಿದೆವು. ಹಲವು ಕೆರೆಗಳಲ್ಲಿ ನೀರು ಮಿನುಗುತ್ತಿತ್ತು. 2018ರಿಂದ ಬೆಂಗಳೂರಿನ ಬಳಕೆಯ ನೀರನ್ನು ಶುದ್ಧಿಗೊಳಿಸಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಈ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಂದು ಏರಿಯ ಮೇಲೆ ಸಿಕ್ಕಿದ ರೈತರೊಬ್ಬರು, “ಬತ್ತಿದ ಬೋರುಬಾವಿ ಮತ್ತೆ ನೀರು ಕೊಡುತ್ತಿದೆ ಸ್ವಾಮಿ” ಎಂದು ಸಂತೋಷಪಟ್ಟರು. ಒಡನೆಯೇ, “ಇನ್ನೊಂದು ಸಲ ಶೋಧಿಸಿ ಕಳಿಸಿದರೆ ಮನಸ್ಸಿಗೆ ನೆಮ್ಮದಿ” ಎಂದರು. ಎರಡನೆಯ ಹಂತದವರೆಗೆ ಮಾತ್ರ ಶುದ್ಧಿಯಾಗುವ ಈ ನೀರಿಗೆ ಮೂರನೆಯ ಹಂತವೂ ಬೇಕೆಂಬುದು ಇಲ್ಲಿಯವರ ಬಹುದಿನದ ಬೇಡಿಕೆ. ಮೋಟಾರಿನಲ್ಲಿ ಹೋಗುವವನಿಗೆ ಕೆರೆ ಕಾಣುತ್ತದೆ. ಕೆರೆಯ ಸುಖದುಃಖ ಕೇಳುವುದು ನಿಧಾನವಾಗಿ ಹೋಗುವವನಿಗೆ.

ಮುಂದೆ ಒಂದು ಹಳ್ಳಿಯ ಬಳಿ ರಸ್ತೆಯ ಉದ್ದಕ್ಕೂ ಹುರುಳಿಯ ಗಿಡಗಳನ್ನು ಹರಡಿದ್ದರು. ವಾಹನಗಳ ಚಕ್ರ ಹಾಯ್ದು ಕಾಳು ಬಿಡಲೆಂಬ ಉಪಾಯ. ಬೈಸಿಕಲ್ಲಿಗೆ ಇದು ಜಾರುವ ನೆಲ. ಮೆಲ್ಲಗೆ ಇಳಿದು ನಡೆದೆವು. ಬದಿಯಲ್ಲಿ ಕುಳಿತಿದ್ದ ಅಜ್ಜಿ ನಕ್ಕು, “ತುಳ್ಕೊಂಡೇ ಓಗ್ರಪ್ಪ, ನಿಮ್ ಸೈಕಲ್ಗೆ ಒಂದ್ ಕಾಳೂ ಉದುರಾಕಿಲ್ಲ. ಬಸ್ಸು ಬರ್ಲಿ ಅಂತ ಕಾಯ್ತಾ ಇವ್ನಿ” ಎಂದಳು. “ಬಸ್ಸು ಯಾವಾಗ ಬರುತ್ತದೆ ಅಜ್ಜಿ?” ಎಂದು ಹುಡುಗಿ ಕೇಳಿದರೆ, “ಬೆಳಿಗ್ಗೆ ಒಂದು ಓಯ್ತು, ಸಂಜೆಗೊಂದು” ಎಂಬ ಉತ್ತರ! ವಾಹನವಿಲ್ಲದ ದಾರಿ ನಮಗೆ ಸುಖ. ಅಜ್ಜಿಗೆ ಅದೇ ಕಾಯುವ ಕಷ್ಟ. ಈ ಮಾತನ್ನು ನಾನು ಆಮೇಲೆ ಹಲವು ಸಲ ನೆನೆದೆ.

ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಇಟ್ಟುದರಿಂದ ಅದು ಶ್ರೀನಿವಾಸಪುರವಾಯಿತು. ಎಲ್ಲಿ ನೋಡಿದರೂ ಮಾವಿನ ತೋಪು. ಹಣ್ಣಿನ ಕಾಲದಲ್ಲಿ ಇಲ್ಲಿಯ ಮಂಡಿಗಳಿಗೆ ಲಾರಿಗಳ ಸಾಲು ಬರುವುದರಿಂದ ಬೈಸಿಕಲ್ಲಿನವರು ಆಗ ಬರಬಾರದು. ಚಳಿಗಾಲದಲ್ಲಿ ತೋಪಿನ ನೆರಳೆಲ್ಲ ನಮ್ಮದೇ.

ಶನಿವಾರದ ಮೂರನೆಯ ದಿನ ಕುರುಡುಮಲೆಯ ದಾರಿ. ಒಂದು ಏರಿಯ ಮೇಲೆ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ ನನ್ನ ಚಕ್ರ ಕುಳಿತಿತು. ಹುಡುಗಿಯೇ ಟ್ಯೂಬು ಬಿಚ್ಚಿ, ಕೆರೆಯ ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗವನ್ನು ಕಂಡುಹಿಡಿದು ತೇಪೆ ಹಾಕಿದಳು. ಒಂದು ಗಂಟೆ ಹೋಯಿತು. ಕುರುಡುಮಲೆಯಲ್ಲಿ ಏಕಶಿಲೆಯ ಗಣಪತಿ 13 ಅಡಿಗೂ ಮಿಕ್ಕಿ ಎತ್ತರವಾಗಿ ಕುಳಿತಿದ್ದಾನೆ. ವಿಘ್ನ ಕಳೆದ ಮೇಲೆ ವಿಘ್ನೇಶ್ವರನ ದರ್ಶನವಾಯಿತೆಂದು ಅವಳು ನಕ್ಕಳು.

ಅಲ್ಲಿಂದ ಸುಮಾರು 10 ಕಿಲೋಮೀಟರು ಮುಳಬಾಗಿಲು; ಮೈಸೂರು ಸೀಮೆಯ ಮೂಡಲ ಬಾಗಿಲು. 1887ರಲ್ಲಿ ಡಿ.ವಿ.ಗುಂಡಪ್ಪನವರು ಹುಟ್ಟಿದ ಊರು. ದೋಸೆಯ ಉಪಾಹಾರ ಮುಗಿಸಿ ಆವಣಿಗೆ ಹೊರಟೆವು. ಆವಣಿ ಹೆದ್ದಾರಿಯ ಆಚೆಗಿದೆ, ದಾಟಲೇಬೇಕು.

ಅಲ್ಲಿ ಕಂಡದ್ದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆದೆನೆಂದರೂ ಸಲ್ಲುತ್ತದೆ. ರಸ್ತೆಯ ಅಂಚಿನಲ್ಲಿ ಮೂವರು ಹೆಣ್ಣುಮಕ್ಕಳು ಸಮವಸ್ತ್ರದಲ್ಲಿ, ಬೈಸಿಕಲ್ಲು ಹಿಡಿದು ನಿಂತಿದ್ದರು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಊರಿಗೆ ಹೊರಟವರು. ಲಾರಿ, ಬಸ್ಸು, ಕಾರುಗಳು ಗಾಳಿಯನ್ನು ಸೀಳುತ್ತ ಹೋಗುತ್ತಿದ್ದವು. ನಾವೂ ಅವರೊಡನೆ ನಿಂತೆವು. ನಡುವೆ ಎಡೆ ಸಿಕ್ಕಿದಾಗ ದೊಡ್ಡವಳು “ಈಗ!” ಎಂದಳು, ಐವರೂ ಓಡಿದೆವು. ಆಚೆ ಸೇರಿದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. “ದಿನಾ ಹೀಗೆಯೇ ದಾಟುತ್ತೀರಾ?” ಎಂದು ನಮ್ಮ ಹುಡುಗಿ ಕೇಳಿದಳು. “ದಿನಾ ಎರಡು ಸಲ” ಎಂದು ಹೇಳಿ ಅವರು ಒಳದಾರಿಯಲ್ಲಿ ಹರಟುತ್ತ ಹೊರಟರು. ರಸ್ತೆಗೆ ಮೂವರೂ ಸಾಲಾಗಿ, ಯಾರ ಭಯವೂ ಇಲ್ಲದೆ.

ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳನ್ನೂ, ಸೀತೆ ಲವಕುಶರನ್ನು ಹೆತ್ತಳೆಂದು ಜನ ನಂಬುವ ಬೆಟ್ಟವನ್ನೂ ನೋಡುವ ಹೊತ್ತಿಗೆ ಸಂಜೆಯಾಯಿತು. ಹೆದ್ದಾರಿ ಹಿಡಿದಿದ್ದರೆ ಕತ್ತಲಾಗುವಾಗ ಕೋಲಾರ ಸೇರಬಹುದಾಗಿತ್ತು. ನಾನು ಯೋಚಿಸುತ್ತ ನಿಂತುದನ್ನು ಕಂಡು ಹುಡುಗಿ, “ದೊಡ್ಡಪ್ಪ, ಅಮ್ಮನಿಗೆ ಮಾತು ಕೊಟ್ಟಿದ್ದೀರಿ” ಎಂದಳು. ಟೊಮೇಟೊ ಹೇರಿಕೊಂಡು ಕೋಲಾರದ ಮಂಡಿಗೆ ಹೊರಟಿದ್ದ ಟೆಂಪೋದವನೊಬ್ಬ ದಯೆಯಿಟ್ಟು ಬೈಸಿಕಲ್ಲುಗಳನ್ನು ಪೆಟ್ಟಿಗೆಗಳ ಮೇಲೆ ಕಟ್ಟಿಕೊಂಡ. ಮಾತು ಉಳಿಯಿತು.

ಮನೆಗೆ ಬಂದ ಮೇಲೂ ನನ್ನ ಕಣ್ಣಿನಿಂದ ಆ ಮೂವರು ಮಕ್ಕಳು ಹೋಗಲಿಲ್ಲ. ನಾವು ಮೂರು ದಿನ ವಿನೋದಕ್ಕಾಗಿ ಹುಡುಕಿದ ದಾರಿ ಅವರಿಗೆ ನಿತ್ಯದ ವಿದ್ಯೆಯ ದಾರಿ. 2006–07ರಿಂದ ಹಲವು ವರ್ಷ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚಿತು. ದೂರದ ಶಾಲೆ ಎಷ್ಟೋ ಹೆಣ್ಣುಮಕ್ಕಳಿಗೆ ಅದರಿಂದ ಹತ್ತಿರವಾಯಿತು. ಆದರೆ ಬೈಸಿಕಲ್ಲು ಕೊಟ್ಟರೆ ಸಾಲದು, ಅದು ಅಂಜದೆ ಓಡುವ ದಾರಿಯೂ ಬೇಕು. ಹೆದ್ದಾರಿ ನಾಡಿಗೆ ಅವಶ್ಯ. ಅಜ್ಜಿಗೂ ಬಸ್ಸು ಬೇಕು. ಹೆದ್ದಾರಿಯ ಅಡಿಯಲ್ಲಿ ಹಳ್ಳಿಗೊಂದು ಸುರಂಗದಾರಿ, ಕೆರೆಯ ಏರಿಯ ಮೇಲೆ ಮುಳ್ಳು ಕಡಿದ ಹಾದಿ, ಇಷ್ಟನ್ನು ಮಾಡುವುದು ಹೊಸ ರಸ್ತೆ ಹಾಕುವುದಕ್ಕಿಂತ ಕಷ್ಟವೇ?

ಈ ಪ್ರಯಾಣವನ್ನು ಮಾಡಬಯಸುವ ಗೃಹಸ್ಥರು ನವೆಂಬರಿನಿಂದ ಫೆಬ್ರವರಿಯೊಳಗೆ ಹೊರಡುವುದು ಒಳ್ಳೆಯದು. ಸೂರ್ಯೋದಯಕ್ಕೆ ಹೊರಟು ಹನ್ನೊಂದಕ್ಕೆ ನೆರಳು ಸೇರಿ. ತೇಪೆಯ ಸಾಮಾನನ್ನು ಮರೆಯಬೇಡಿ. ದಿಣ್ಣೆಯಲ್ಲಿ ಇಳಿದು ನಡೆಯಲು ನಾಚಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗಿ. ನಮ್ಮ ಹುಡುಗಿ ಬಂದ ದಿನವೇ ಗೋಡೆಯ ನಕ್ಷೆಯಲ್ಲಿ ನಾವು ಹಾದ ಏರಿಗಳನ್ನೆಲ್ಲ ಕೆಂಪು ಸೀಸದಿಂದ ಗುರುತಿಸಿದಳು. ಅವಳ ತಾಯಿ ಅದನ್ನು ಬಹಳ ಹೊತ್ತು ನೋಡಿ, “ಮುಂದಿನ ಸಲ ನಾನೂ ಬರುತ್ತೇನೆ ಭಾವನವರೇ. ಆದರೆ ನನಗೆ ಮೊದಲು ಬೈಸಿಕಲ್ಲು ಕಲಿಸಬೇಕು” ಎಂದಳು. ಈಗ ಪ್ರತಿದಿನ ಬೆಳಗ್ಗೆ ಮಗಳೇ ಗುರು. ನಾನು ಹಿಂದಿನ ಸೀಟನ್ನು ಹಿಡಿದು ಓಡುವವನು.