ಬೇಕರಿಯವನ ಮಗ ಮೈಕಿನ ಮುಂದೆ

ಬೊಲೋನ್ಯಾದಿಂದ ಮೊಡೆನಾಕ್ಕೆ ರೈಲಿನಲ್ಲಿ ಸುಮಾರು ನಲವತ್ತು ಕಿಲೋಮೀಟರ್. ಇಟಲಿಯ ಈ ಭಾಗ ಪೋ ನದಿಯ ಬಯಲು. ಗುಡ್ಡವಿಲ್ಲ, ತಿರುವಿಲ್ಲ, ಕಿಟಕಿಯಾಚೆ ಕೊಯ್ಲು ಮುಗಿದ ದ್ರಾಕ್ಷಿ ತೋಟ, ಉತ್ತು ಬಿಟ್ಟ ಹೊಲ, ನಡುನಡುವೆ ಹೆಂಚಿನ ಮನೆ. ಬೊಲೋನ್ಯಾದ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಮಗಳು ದಸರಾ ರಜೆಗೆ ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದಳು. ಆ ದಿನ ನನ್ನಾಕೆ ಮಂಡಿನೋವೆಂದು ಮನೆಯಲ್ಲೇ ಉಳಿದಳು. ನಾವಿಬ್ಬರೇ ಹೊರಟೆವು.

“ಅಪ್ಪ, ಮೊಡೆನಾ ಅಂದ್ರೆ ಎಲ್ಲರೂ ಫೆರಾರಿ ಕಾರಿನ ಮ್ಯೂಸಿಯಂ ನೋಡೋಕೆ ಹೋಗ್ತಾರೆ. ನಿನಗ್ಯಾಕೆ ಹಾಡುಗಾರನ ಮನೆ?” ಎಂದಳು.

“ಸುಮ್ಮನೆ” ಎಂದೆ.

“ಯಾಕಿಷ್ಟು ಮೆಲ್ಲಗೆ ಮಾತಾಡ್ತಿದ್ದೀಯ? ಬಂದಾಗಿನಿಂದ ನೋಡ್ತಿದ್ದೀನಿ.”

“ನೆಗಡಿ” ಎಂದೆ. ಅದು ಸುಳ್ಳು.

ಹಾಡುಗಾರನ ಹೆಸರು ಲೂಚಾನೋ ಪವರೊಟ್ಟಿ. 1990ರಲ್ಲಿ ಇಟಲಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದಾಗ ನಾನು ಬಿಎಸ್ಸಿ ವಿದ್ಯಾರ್ಥಿ. ಫೈನಲ್ ಪಂದ್ಯದ ಹಿಂದಿನ ರಾತ್ರಿ, ಜುಲೈ 7ರಂದು, ರೋಮ್ ನಗರದ ಹಳೆಯ ಸ್ನಾನಗೃಹಗಳ ಅವಶೇಷಗಳ ನಡುವೆ ಮೂವರು ಗಾಯಕರು ಕೂಡಿ ಹಾಡಿದ್ದರು. ಅದರ ಕ್ಯಾಸೆಟ್ಟು ಮುಂದೆ ನಮ್ಮ ಹಾಸ್ಟೆಲಿಗೂ ಬಂತು. ಭಾಷೆ ತಿಳಿಯದು, ರಾಗವೂ ತಿಳಿಯದು. ಆದರೂ ಮೂವರಲ್ಲಿ ಒಬ್ಬನ ಕಂಠ ಮಾತ್ರ ಟೇಪ್ ರೆಕಾರ್ಡರಿನ ಪುಟ್ಟ ಸ್ಪೀಕರನ್ನು ಒಡೆದುಕೊಂಡು ಹೊರಬರುವಂತೆ ಕೇಳುತ್ತಿತ್ತು. ಆತನೇ ಪವರೊಟ್ಟಿ.

ಮೊಡೆನಾದಲ್ಲಿ ರೈಲಿಳಿದು ನಡೆದರೆ ಊರಿನ ರಂಗಮಂದಿರ ಹೆಚ್ಚು ದೂರವಿಲ್ಲ. 1841ರಲ್ಲಿ ತೆರೆದದ್ದು. ಈಗ ಅದಕ್ಕೆ ಪವರೊಟ್ಟಿ ಮತ್ತು ಮಿರೆಲ್ಲಾ ಫ್ರೇನಿ ಇಬ್ಬರ ಹೆಸರನ್ನೂ ಇಟ್ಟಿದ್ದಾರೆ. ಇಬ್ಬರೂ 1935ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಇಬ್ಬರ ತಾಯಂದಿರೂ ಒಂದೇ ತಂಬಾಕು ಕಾರ್ಖಾನೆಯಲ್ಲಿ ಕೂಲಿಗಿದ್ದರು. ಎರಡೂ ಕೂಸುಗಳಿಗೆ ಹಾಲೂಡಿಸಿದ ದಾದಿಯೂ ಒಬ್ಬಳೇ! ಫ್ರೇನಿ ಮುಂದೆ ಜಗತ್ಪ್ರಸಿದ್ಧ ಗಾಯಕಿಯಾದರು. ಪವರೊಟ್ಟಿಯ ತಂದೆ ಫೆರ್ನಾಂದೋ ಬೇಕರಿಯಲ್ಲಿ ಬ್ರೆಡ್ಡು ಸುಡುತ್ತಿದ್ದವರು. ಅವರಿಗೂ ಒಳ್ಳೆಯ ಕಂಠವಿತ್ತು, ಆದರೆ ಸಭಾಕಂಪನ. ಹಾಡು ಚರ್ಚಿನ ಮೇಳವನ್ನು ದಾಟಿ ಹೆಚ್ಚು ದೂರ ಹೋಗಲಿಲ್ಲ.

ಮಗ ಮೊದಲು ಏನಾಗಿದ್ದ ಗೊತ್ತೆ? ಪ್ರಾಥಮಿಕ ಶಾಲೆಯ ಮೇಷ್ಟ್ರು! ಎರಡು ವರ್ಷ ಪಾಠ ಹೇಳಿ, ಆಮೇಲೆ ವಿಮೆ ಮಾರುತ್ತಾ ಸಂಗೀತ ಕಲಿತರು. ಆರೇಳು ವರ್ಷ ಕಲಿತ ಮೇಲೆ ಧ್ವನಿತಂತುವಿನ ಮೇಲೆ ಗಂಟು ಎದ್ದಿತು. ಫೆರಾರಾದಲ್ಲಿ (ಕಾರಿನ ಫೆರಾರಿಯಲ್ಲ, ಬೊಲೋನ್ಯಾದ ಆಚೆಗಿನ ಊರು) ಕಚೇರಿ ಪೂರ್ತಿ ಕೆಟ್ಟಿತು. ಇನ್ನು ಹಾಡುವುದೇ ಬೇಡವೆಂದು ತೀರ್ಮಾನಿಸಿದರು. ಆಮೇಲೆ ಗಂಟು ತಾನೇ ಕರಗಿತು. 1961ರ ಏಪ್ರಿಲ್‌ನಲ್ಲಿ ಪಕ್ಕದ ರೆಜ್ಜೋ ಎಮಿಲಿಯಾದಲ್ಲಿ ಮೊದಲ ಬಾರಿಗೆ ಒಪೆರಾ ನಾಯಕನಾಗಿ ಹಾಡಿದರು.

ಈ ಗಂಟಿನ ಕತೆಯೇ ನನ್ನನ್ನು ಇಲ್ಲಿಗೆ ಎಳೆದು ತಂದದ್ದು. ಆಗಸ್ಟ್‌ನಲ್ಲಿ ನನ್ನ ಗಂಟಲು ಕೈಕೊಟ್ಟಿತ್ತು. ಗಂಟಲಿನ ವೈದ್ಯರು ಒಳಗೆ ನಳಿಗೆ ಇಳಿಸಿ ನೋಡಿ, “ಮೇಷ್ಟ್ರೇ, ಎರಡೂ ತಂತುಗಳ ಮೇಲೆ ಸಣ್ಣ ಗಂಟುಗಳಿವೆ. ಒಂದಷ್ಟು ದಿನ ಮಾತು ಕಡಿಮೆ ಮಾಡಿ. ಆಮೇಲೆ ತರಗತಿಯಲ್ಲಿ ಕಾಲರ್ ಮೈಕ್ ಹಾಕಿಕೊಳ್ಳಿ” ಎಂದಿದ್ದರು. ಮೊದಲನೆಯದನ್ನು ಹೇಗೋ ಪಾಲಿಸಿದೆ. ಎರಡನೆಯದು ಗಂಟಲಲ್ಲಿ ಇಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅರವತ್ತು ಮಕ್ಕಳ ತರಗತಿಯನ್ನು ಬರಿಯ ಕಂಠದಿಂದ ಆಳಿದವನು ನಾನು. ಕೊನೆಯ ಬೆಂಚಿನಲ್ಲಿ ತೂಕಡಿಸುವ ಹುಡುಗನನ್ನು ಹೆಸರು ಹಿಡಿದು ಎಬ್ಬಿಸುತ್ತಿದ್ದ ದನಿ ಇದು. ಮೈಕು ಹಿಡಿದರೆ ಮೇಷ್ಟ್ರು ಮುದುಕರಾದರೆಂದು ಊರಿಗೆಲ್ಲ ಸಾರಿದಂತೆ. ವಿಷಯ ನನ್ನಾಕೆಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಒಪೆರಾ ಎಂದರೆ ಕತೆಯೆಲ್ಲ ಹಾಡಿನಲ್ಲೇ ಸಾಗುವ ರಂಗಪ್ರಯೋಗ. ಗಂಡುದನಿಗಳಲ್ಲಿ ಎತ್ತರದ ಶ್ರುತಿಯವನಿಗೆ ಟೆನರ್ ಎನ್ನುತ್ತಾರೆ, ನಾಯಕನ ಪಾತ್ರ ಸಾಮಾನ್ಯವಾಗಿ ಆತನದೇ. ಸಂಪ್ರದಾಯದಂತೆ ಅಲ್ಲಿ ಮೈಕಿಲ್ಲ. ಎದುರಿಗೆ ಹಲವು ಡಜನ್ ವಾದ್ಯಗಳು ಒಟ್ಟಿಗೆ ಮೊರೆಯುತ್ತಿರುತ್ತವೆ. ಅವನ್ನು ದಾಟಿ ಒಬ್ಬನ ಕಂಠ ಕೊನೆಯ ಸಾಲಿಗೆ ಮುಟ್ಟುವುದು ಹೇಗೆ? ವಿದ್ಯಾರ್ಥಿ ಮಿತ್ರರು ಇಲ್ಲಿ ಸ್ವಲ್ಪ ಗಮನವಿಡಬೇಕು. ಕೂಗಿ ಗೆಲ್ಲುವುದಲ್ಲ ಇದು. ವಾದ್ಯಮೇಳದ ಶಬ್ದಶಕ್ತಿ 500 ಹರ್ಟ್ಜ್ ಆಸುಪಾಸಿನಲ್ಲಿ ಅತಿ ಹೆಚ್ಚು. ಅಲ್ಲಿಂದ ಮೇಲೆ ಹೋದಂತೆ ಇಳಿಯುತ್ತದೆ. ಪಳಗಿದ ಗಾಯಕ ಧ್ವನಿಪೆಟ್ಟಿಗೆಯ ಮೇಲಿನ ಕಿರಿದಾದ ಜಾಗವನ್ನು ಹದಗೊಳಿಸಿ, 3000 ಹರ್ಟ್ಜ್ ಸುತ್ತ ತನ್ನ ಶಕ್ತಿಯನ್ನು ಒಟ್ಟುಗೂಡಿಸುತ್ತಾನೆ. ಅಲ್ಲಿ ವಾದ್ಯಗಳ ಪೈಪೋಟಿ ಕಡಿಮೆ. ಜೊತೆಗೆ ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಿದ್ದು, ಅದೂ ಸುಮಾರಾಗಿ ಅದೇ ಆವೃತ್ತಿಗೆ ಅನುನಾದಗೊಳ್ಳುತ್ತದೆ. ವಾದ್ಯಗಳು ಖಾಲಿ ಬಿಟ್ಟ ಕಿಂಡಿಯಲ್ಲಿ ದನಿ ತೂರಿ ಬರುತ್ತದೆ. ಸ್ವೀಡನ್ನಿನ ವಿಜ್ಞಾನಿ ಯೂಹಾನ್ ಸುಂಡ್‌ಬೆರಿ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಪವರೊಟ್ಟಿ 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಒಂದೇ ಹಾಡಿನಲ್ಲಿ ಒಂಬತ್ತು ಸಲ ‘ಹೈ ಸಿ’ ಸ್ವರ ಮುಟ್ಟಿ ಹೆಸರಾದರು. ಆ ಸ್ವರ 523 ಹರ್ಟ್ಜ್. ನಮ್ಮ ಶಾಲಾ ಪ್ರಯೋಗಾಲಯದ ಪೆಟ್ಟಿಗೆಯಲ್ಲಿ 512 ಎಂದು ಕೊರೆದ ಚಿಕ್ಕ ಶ್ರುತಿಕವೆ ಇದೆಯಲ್ಲ, ಹೆಚ್ಚುಕಮ್ಮಿ ಅದೇ. ಅಂದರೆ ಎರಡು ಸೆಂಟಿಮೀಟರೂ ಇಲ್ಲದ ಎರಡು ತಂತುಗಳು ಸೆಕೆಂಡಿಗೆ ಐನೂರಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಕಬೇಕು. ವಯಸ್ಸಾದಂತೆ ತಂತುವಿನ ಸ್ನಾಯು ತೆಳುವಾಗುತ್ತದೆ, ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಗಡುಸಾಗುತ್ತದೆ, ಪುಪ್ಪುಸದ ಉಸಿರು ಕುಗ್ಗುತ್ತದೆ. ಗಾಯಕನಿಗೂ ಅಷ್ಟೆ, ಮೇಷ್ಟ್ರಿಗೂ ಅಷ್ಟೆ.

ಮಧ್ಯಾಹ್ನ ದೊಡ್ಡ ಚೌಕಕ್ಕೆ ಬಂದೆವು. 1099ರಲ್ಲಿ ಕಟ್ಟತೊಡಗಿದ ಕೆಥೆಡ್ರಲ್ಲು, ಪಕ್ಕದಲ್ಲೇ ಎಂಬತ್ತಾರು ಮೀಟರಿನಷ್ಟು ಎತ್ತರದ ಗೋಪುರ. 1997ರಲ್ಲಿ ಇವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಒಳಗೆ ಗವ್ವೆನ್ನುವ ತಂಪು. 2007ರ ಸೆಪ್ಟೆಂಬರ್ 8ರಂದು ಪವರೊಟ್ಟಿಯ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದದ್ದು ಇಲ್ಲಿ. ಅಂದು ಅಪ್ಪ ಮಗ ಇಬ್ಬರೂ ಕೂಡಿ ಹಿಂದೊಮ್ಮೆ ಹಾಡಿದ್ದ ಭಕ್ತಿಗೀತೆಯ ಧ್ವನಿಮುದ್ರಣವನ್ನು ಕೇಳಿಸಿದರಂತೆ. ಲೋಕವೆಲ್ಲ ಸುತ್ತಿದ ಮಗನ ಜೊತೆ, ಸಭೆಗೆ ಹೆದರಿ ಊರಲ್ಲೇ ಉಳಿದ ಬೇಕರಿಯಾತನ ಕಂಠವೂ ಆ ಕಲ್ಲುಕಂಬಗಳ ನಡುವೆ ಮೊಳಗಿತು. ಅಪ್ಪ ತೀರಿಕೊಂಡು ಅಷ್ಟರಲ್ಲಿ ಐದು ವರ್ಷವಾಗಿತ್ತು.

ಊಟಕ್ಕೆ ಪಾಲಕ್ ಮತ್ತು ರಿಕೊತ್ತಾ ಚೀಸು ತುಂಬಿದ ಕಡುಬಿನಂಥ ತಿನಿಸು. ಆಮೇಲೆ ಗಟ್ಟಿ ಚೀಸಿನ ತುಂಡಿನ ಮೇಲೆ ಎರಡು ಹನಿ ಕಪ್ಪು ರಸ ಬಿಟ್ಟು ತಂದರು. ಈ ಊರಿನ ಹೆಸರುವಾಸಿ ಬಾಲ್ಸಾಮಿಕ್ ವಿನೆಗರ್. ದ್ರಾಕ್ಷಿ ರಸವನ್ನು ಕುದಿಸಿ, ಅಟ್ಟದ ಮೇಲಿನ ಮರದ ಪೀಪಾಯಿಗಳಲ್ಲಿ ಕಡಿಮೆಯೆಂದರೆ ಹನ್ನೆರಡು ವರ್ಷ ಇಡುತ್ತಾರೆ. ಹಳೆಯದೆನಿಸಿಕೊಳ್ಳಲು ಇಪ್ಪತ್ತೈದು ವರ್ಷ ಬೇಕು. ರಸ ಇಂಗಿ ಕಡಿಮೆಯಾದಂತೆ ಚಿಕ್ಕ ಪೀಪಾಯಿಗೆ ವರ್ಗ. ಬೆಲೆ ಕೇಳಿ ನಾನು ಸೀಸೆಯನ್ನು ಮೆಲ್ಲಗೆ ಇದ್ದಲ್ಲೇ ಇಟ್ಟೆ.

ಪವರೊಟ್ಟಿ ಕೊನೆಯ ವರ್ಷಗಳನ್ನು ಕಳೆದ ಮನೆ ಊರ ಹೊರಗಿದೆ. 2015ರಿಂದ ಅದು ವಸ್ತುಸಂಗ್ರಹಾಲಯ. ಬೆಳಕು ತುಂಬಿದ ಮನೆ. ರಂಗದ ಉಡುಪುಗಳು, ಪ್ರಶಸ್ತಿಗಳು, ಫ್ರಾಂಕ್ ಸಿನಾತ್ರಾ, ರಾಜಕುಮಾರಿ ಡಯಾನಾ ಅಂಥವರು ಬರೆದ ಪತ್ರಗಳು. ಊಟಪ್ರಿಯರ ಅಡುಗೆಮನೆಯೂ ಇದೆ. ಉಡುಪುಗಳ ಅಗಲ ನೋಡಿ ಮಗಳು ನಕ್ಕಳು. ನನ್ನ ಗಮನವೆಲ್ಲ 1992ರಿಂದ 2003ರವರೆಗೆ ಇದೇ ಊರಿನಲ್ಲಿ ಅವರು ಪಾಪ್ ಗಾಯಕರನ್ನು ಕರೆಸಿ ನಡೆಸಿದ ಕಾರ್ಯಕ್ರಮಗಳ ಕಡೆಗಿತ್ತು. ಸಂಗ್ರಹವಾದ ಹಣ ಸಂಕಷ್ಟದಲ್ಲಿದ್ದವರಿಗೆ ಹೋಗುತ್ತಿತ್ತು. ಯುದ್ಧದಲ್ಲಿ ನುಚ್ಚುನೂರಾದ ಬೋಸ್ನಿಯಾದ ಮೊಸ್ತಾರ್ ಊರಿನಲ್ಲಿ 1997ರಲ್ಲಿ ಅವರ ಹೆಸರಿನ ಸಂಗೀತ ಕೇಂದ್ರವೇ ತೆರೆಯಿತು. ಆದರೂ ಶಾಸ್ತ್ರೀಯ ವಲಯದ ಹಲವರು ಮೂಗು ಮುರಿದರು. 2003ರಲ್ಲಿ, ಅರವತ್ತೆಂಟರ ಹೊಸ್ತಿಲಲ್ಲಿ, ‘ತಿ ಅದೋರೋ’ ಎಂಬ ಪಾಪ್ ಹಾಡುಗಳ ಆಲ್ಬಮ್ ಬಂದಾಗಲಂತೂ ಮತ್ತೆ ಅದೇ ಮಾತು. ಹೆಚ್ಚಿನವು ಹೊಸ ಹಾಡುಗಳು. ‘ಗ್ಲಾಡಿಯೇಟರ್’ ಚಿತ್ರಸಂಗೀತದ ಒಂದು ಧಾಟಿಯೂ ಇದೆ. ಸ್ಟುಡಿಯೋದಲ್ಲಿ ಅವರೊಬ್ಬರೇ ಹಾಡಿ ಮುಗಿಸಿದ ಕೊನೆಯ ಆಲ್ಬಮ್ ಅದು.

ಟೆನರುಗಳು ಜನಪ್ರಿಯ ಹಾಡಿಗೆ ಬಾಯಿಟ್ಟದ್ದು ಹೊಸತೇನೂ ಅಲ್ಲ. ಗ್ರಾಮಫೋನು ಮನೆಮನೆಗೆ ಹೋಗಿದ್ದರಲ್ಲಿ ಎನ್ರಿಕೋ ಕರೂಸೋನ ಪಾಲು ದೊಡ್ಡದು. 1902ರಲ್ಲಿ ಮಿಲಾನಿನಲ್ಲಿ ಒಪೆರಾ ಗೀತೆಗಳನ್ನು ತಟ್ಟೆಗೆ ಹಾಡಿದ ಆತನೇ 1918ರಲ್ಲಿ ಅಮೆರಿಕದ ಸಿಪಾಯಿಗಳ ಹಾಡನ್ನೂ ಹಾಡಿದ. ಆಗ ಮೈಕು ಇರಲಿಲ್ಲ. ತಗಡಿನ ಕಹಳೆಯ ಬಾಯಿಗೆ ಹಾಡಬೇಕು. ಶಬ್ದದ ಬಲದಿಂದಲೇ ತೆಳು ಪೊರೆ ನಡುಗಿ, ಸೂಜಿ ಮೇಣದಲ್ಲಿ ಗೆರೆ ಕೊರೆಯಬೇಕು. 1925ರ ಹೊತ್ತಿಗೆ ಮೈಕು ಬಂದ ಮೇಲೆ ಪಿಸುಮಾತೂ ಹಾಡಾಗಬಹುದೆಂದಾಯಿತು. ಪಾಪ್ ಗಾಯನ ಬೆಳೆದದ್ದು ಈ ಪಿಸುಮಾತಿನಿಂದ. ಕೊನೆಯ ಸಾಲನ್ನು ಮುಟ್ಟಲು ನಲವತ್ತು ವರ್ಷ ಪಳಗಿದವನು ಈಗ ಒಂದು ಗೇಣು ದೂರದ ಮೈಕಿಗೆ ಹಾಡಬೇಕು. ಕಷ್ಟವೇ.

ವಾಪಸು ರೈಲಿನಲ್ಲಿ ಮಗಳು ಫೋನಿನಲ್ಲಿ ಆ ಆಲ್ಬಮ್ ಹುಡುಕಿ, ಒಂದು ಇಯರ್‌ಫೋನ್ ನನ್ನ ಕಿವಿಗೆ, ಇನ್ನೊಂದು ತನ್ನ ಕಿವಿಗೆ ಸಿಕ್ಕಿಸಿಕೊಂಡಳು. ನಿಜ ಹೇಳಬೇಕೆಂದರೆ ಕೆಲವು ಹಾಡುಗಳು ನನಗೆ ಹಿಡಿಸಲಿಲ್ಲ. ಸಕ್ಕರೆ ಹೆಚ್ಚಾದ ಪಾಯಸ. ಆದರೆ ‘ಕರೂಸೋ’ ಎಂಬ ಹಾಡು ಬಂದಾಗ ಇಬ್ಬರೂ ಸುಮ್ಮನಾದೆವು. ಅದನ್ನು 1986ರಲ್ಲಿ ಬರೆದವರು ಬೊಲೋನ್ಯಾದವರೇ ಆದ ಲೂಚೋ ದಾಲ್ಲಾ. ಸೊರೆಂತೋ ಎಂಬ ಕಡಲತಡಿಯ ಊರು. ಸಾವು ಹತ್ತಿರವಾದ ಕರೂಸೋ ಎಳೆಯ ಹುಡುಗಿಯೊಬ್ಬಳಿಗೆ ಹಾಡುತ್ತಾನೆ. ನಿಜದ ಕರೂಸೋ 1921ರಲ್ಲಿ ನೇಪಲ್ಸಿನಲ್ಲಿ ತೀರಿಕೊಂಡಾಗ ನಲವತ್ತೆಂಟು ವರ್ಷ. ಪವರೊಟ್ಟಿ ಇದನ್ನು ಹಿಂದೆಯೂ ಹಾಡಿದ್ದರು. ಈ ಸಲ ಜೆಫ್ ಬೆಕ್‌ರ ಎಲೆಕ್ಟ್ರಿಕ್ ಗಿಟಾರ್ ಜೊತೆಗಿದೆ. ಕೆಳದನಿಯ ಸಾಲುಗಳ ನಡುವೆ ಮುದುಕ ಗಾಯಕ ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತದೆ. ರಂಗಮಂದಿರದ ಕೊನೆಯ ಸಾಲಿನಲ್ಲಿ ಕೂತವನಿಗೆ ಅದು ಎಂದೂ ಕೇಳಿಸುವಂಥದಲ್ಲ.

ಮಗಳು ಫೋನಿನಲ್ಲಿ ಏನೋ ಓದುತ್ತಿದ್ದಳು. “ಅಪ್ಪ, 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಇವರು ಹಾಡಿದ್ದು ಕೊನೆಯ ಸಲವಂತೆ. ಆದರೆ ಮೊದಲೇ ರೆಕಾರ್ಡ್ ಮಾಡಿದ್ದಕ್ಕೆ ತುಟಿ ಆಡಿಸಿದ್ರಂತೆ. ವಾದ್ಯದವರೂ ನುಡಿಸೋ ಹಾಗೆ ನಟಿಸಿದ್ರಂತೆ. ಅವತ್ತಿನ ಸಂಗೀತ ನಿರ್ದೇಶಕರೇ 2008ರಲ್ಲಿ ಪುಸ್ತಕದಲ್ಲಿ ಬರೆದಿದ್ದಾರೆ. ಇದು ಮೋಸ ಅಲ್ವಾ?”

ಫೆಬ್ರುವರಿಯ ಹೆಪ್ಪುಗಟ್ಟಿಸುವ ಚಳಿ, ಎಪ್ಪತ್ತರ ದೇಹ, ಕೆಲವೇ ತಿಂಗಳಲ್ಲಿ ಪತ್ತೆಯಾಗಲಿದ್ದ ಕ್ಯಾನ್ಸರ್. ಇದನ್ನೆಲ್ಲ ಹೇಳಿದೆ. ಆದರೂ ಅವಳ ಪ್ರಶ್ನೆ ಉಳಿದೇ ಇತ್ತು. ಕೊನೆಗೆ, “ಮೈಕು ಮೋಸವಲ್ಲ, ರೆಕಾರ್ಡಿಂಗೂ ಮೋಸವಲ್ಲ. ಆಲ್ಬಮ್‌ನಲ್ಲಿ ನಾನು ಇಷ್ಟೇ ಅಂತ ತೋರಿಸಿದರು. ಇಲ್ಲಿ ಮುಚ್ಚಿಟ್ಟರು. ಅದು ನನಗೂ ಬೇಜಾರೇ” ಎಂದೆ.

ಹೇಳಿದ ಮೇಲೆ ಆ ಮಾತು ನನ್ನ ಕಡೆಗೇ ತಿರುಗಿ ಕೂತಿತು. ನೆಗಡಿಯಲ್ಲ, ಗಂಟು ಎಂದು ಮಗಳಿಗೆ ಹೇಳಿದೆ. ಅವಳು ಇಯರ್‌ಫೋನ್ ತೆಗೆದು ನನ್ನ ಮುಖ ನೋಡಿದಳು. ಬೈಯುತ್ತಾಳೆಂದುಕೊಂಡೆ. “ಅಮ್ಮನಿಗೆ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ” ಎಂದಳು. ಬೊಲೋನ್ಯಾ ಬರುವವರೆಗೂ ಮಾತಾಡಲಿಲ್ಲ. ನಿಲ್ದಾಣದ ಹೊರಗೆ ಬಂದ ಮೇಲೆ, “ಎಂಥ ಮೈಕ್ ಬೇಕಂತ ಡಾಕ್ಟ್ರು ಹೇಳಿದ್ದಾರಾ?” ಎಂದು ಕೇಳಿದಳು.

ದಸರಾ ರಜೆ ಮುಗಿದು ಶಾಲೆ ತೆರೆದ ವಾರ ಹತ್ತನೇ ತರಗತಿಗೆ ಸೊಂಟದಲ್ಲೊಂದು ಡಬ್ಬಿ, ಕಾಲರಿನಲ್ಲೊಂದು ಮೈಕು ಸಿಕ್ಕಿಸಿಕೊಂಡು ಹೋದೆ. ಮುಸಿಮುಸಿ ನಗು. ಗಂಟಲಿನ ಗಂಟು, ಮೈಕಿನ ಕಾರಣ ಎರಡನ್ನೂ ಹೇಳಿ, ಪೆಟ್ಟಿಗೆಯಿಂದ 512ರ ಶ್ರುತಿಕವೆ ತೆಗೆದು ರಬ್ಬರ್ ತುಂಡಿಗೆ ಬಡಿದು ಮೈಕಿನ ಹತ್ತಿರ ಹಿಡಿದೆ. ತರಗತಿಯ ತುಂಬ ಒಂದೇ ಎಳೆಯ ನಾದ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಏನೋ ತುಂಟತನವೆಂದು ಗದರಲು ಬಾಯಿ ತೆರೆದೆ.

“ಸಾರ್, ಇನ್ನೊಂದ್ಸಲ ಬಡೀರಿ” ಎಂದ.